ಮುಖ ಕಾಣದ ಮೇಜಿನಲ್ಲಿ ಬ್ಲಫ್ ಗುರುತಿಸುವುದು

2003ರ ವಿಶ್ವ ಪೋಕರ್ ಸರಣಿಯ ಅಂತಿಮ ಹಣಾಹಣಿ ಲಾಸ್ ವೇಗಸ್‌ನಲ್ಲಿ ನಡೆಯಿತು. ಆನ್‌ಲೈನ್‌ನಲ್ಲಿ ಸಣ್ಣ ಮೊತ್ತಕ್ಕೆ ಆಡಿ ಅರ್ಹತೆ ಗಳಿಸಿದ್ದ ಟೆನೆಸ್ಸಿಯ ಅಕೌಂಟೆಂಟ್ ಕ್ರಿಸ್ ಮನಿಮೇಕರ್ ಒಂದು ಕಡೆ, ಪಳಗಿದ ಆಟಗಾರ ಸ್ಯಾಮ್ ಫರ್ಹಾ ಇನ್ನೊಂದು ಕಡೆ. ಒಂದು ಜೋಡಿಯೂ ಕೂಡದ ಕೈಯಲ್ಲಿ ಮನಿಮೇಕರ್ ಚಿಪ್‌ಗಳನ್ನೆಲ್ಲ ಮುಂದಕ್ಕೆ ತಳ್ಳಿದರು. ಒಂಬತ್ತರ ಜೋಡಿ ಇದ್ದ ಫರ್ಹಾ ಎಲೆ ಕೆಳಗಿಟ್ಟರು.

ಇಂಥ ಆಟ ನೋಡಿ ಬಂದವರಿಗೆ ದೊಡ್ಡ ಬೆಟ್ ಕಂಡಲ್ಲೆಲ್ಲ ಬ್ಲಫ್ ಕಾಣುತ್ತದೆ. ಬ್ಲೈಂಡ್ ಎಂಬ ಕಡ್ಡಾಯ ಬೆಟ್ ಎರಡು ಸೆಂಟ್, ಐದು ಸೆಂಟ್ ಇರುವ ಆನ್‌ಲೈನ್ ಮೇಜುಗಳಲ್ಲಿ ಪರಿಸ್ಥಿತಿ ತಿರುಗುಮುರುಗು. ಅಲ್ಲಿ ಕೊನೆಯ ಸುತ್ತಿನಲ್ಲಿ ಯಾರಾದರೂ ದೊಡ್ಡ ಮೊತ್ತ ಕಟ್ಟಿದರೆ ಅವರ ಕೈಯಲ್ಲಿ ಸಾಮಾನ್ಯವಾಗಿ ಒಳ್ಳೆಯ ಎಲೆ ಇದ್ದೇ ಇರುತ್ತದೆ. ಮೊತ್ತ ಸಣ್ಣದು, ‘ನೋಡೇ ಬಿಡೋಣ’ ಎಂದು ಕಾಲ್ ಮಾಡುವವರೇ ಹೆಚ್ಚು. ಹಾಗಾಗಿ ಬ್ಲಫ್ ಮಾಡಿ ಒಂದೆರಡು ಸಲ ಸಿಕ್ಕಿಬಿದ್ದವರು ಆ ಗೋಜಿಗೇ ಹೋಗುವುದಿಲ್ಲ.

ಜಾನ್ ವಾನ್ ನಾಯ್ಮನ್ ಮತ್ತು ಆಸ್ಕರ್ ಮಾರ್ಗೆನ್‌ಸ್ಟರ್ನ್ 1944ರಲ್ಲಿ ಹೊರತಂದ ಆಟಗಳ ಸಿದ್ಧಾಂತದ ಗ್ರಂಥ ಬ್ಲಫ್‌ಗೆ ಎರಡು ಉದ್ದೇಶ ಹೇಳುತ್ತದೆ: ಬಲವಿಲ್ಲದಾಗ ಬಲವಿದೆ ಎಂದು ನಂಬಿಸುವುದು, ನಿಜವಾಗಿ ಬಲವಿದ್ದಾಗ ಎದುರಿನವರಿಗೆ ಅನುಮಾನ ಉಳಿಯುವಂತೆ ಮಾಡುವುದು. ಪಾಟ್‌ನಲ್ಲಿ ಇರುವಷ್ಟೇ ಮೊತ್ತ ಕಟ್ಟುವವನು ಎರಡು ನಿಜದ ಕೈಗೆ ಒಂದು ಬ್ಲಫ್ ಬೆರೆಸಿದರೆ ಎದುರಿನವರು ಕಾಲ್ ಮಾಡಿದರೂ ಬಿಟ್ಟರೂ ಒಂದೇ. ಸೆಂಟ್ ಮೇಜಿನಲ್ಲಿ ಈ ಅಳತೆ ಇಟ್ಟುಕೊಂಡು ಆಡುವವರು ಅಪರೂಪ. ಆದ್ದರಿಂದ ನಿಜದ ಕೈ ಎಷ್ಟು, ಬ್ಲಫ್ ಎಷ್ಟು ಎಂದು ಎಣಿಸಿಯೇ ನೋಡಬೇಕು.

ಒಂದು ಕೈ ನೋಡೋಣ. ನಮ್ಮಲ್ಲಿ ಇಸ್ಪೀಟ್ ಎಕ್ಕ, ಡೈಮಂಡ್ ರಾಣಿ. 15 ಸೆಂಟಿಗೆ ಏರಿಸಿದೆವು, ಬಿಗ್ ಬ್ಲೈಂಡಿನವರು ಮಾತ್ರ ಕಾಲ್ ಮಾಡಿದರು. ಪಾಟ್ 32 ಸೆಂಟ್. ಮೇಜಿನ ಮೊದಲ ಮೂರು ಎಲೆಗಳಾದ ಫ್ಲಾಪ್‌ನಲ್ಲಿ ಕಳಾವರ್ ರಾಣಿ, ಆಟೀನ್ ಎಂಟು, ಆಟೀನ್ ಐದು. ನಾವು 20 ಕಟ್ಟಿದೆವು, ಅವರು ಕಾಲ್. ನಾಲ್ಕನೆಯ ಎಲೆಯಾದ ಟರ್ನ್‌ನಲ್ಲಿ ಇಸ್ಪೀಟ್ ಎರಡು. ನಾವು 45, ಅವರು ಮತ್ತೆ ಕಾಲ್. ಪಾಟ್ ಈಗ 1 ಡಾಲರ್ 62 ಸೆಂಟ್. ಕೊನೆಯ ಎಲೆಯಾದ ರಿವರ್‌ನಲ್ಲಿ ಆಟೀನ್ ಎರಡು ಬಿತ್ತು. ಅಲ್ಲಿಯವರೆಗೆ ಸುಮ್ಮನಿದ್ದವರು ತಟ್ಟನೆ ಪಾಟ್‌ನಷ್ಟೇ ಮೊತ್ತ ಕಟ್ಟಿದರು.

ಕಾಲ್ ಲಾಭದ್ದಾಗಬೇಕಾದರೆ ಮೂರು ಸಲಕ್ಕೆ ಒಂದಕ್ಕಿಂತ ಹೆಚ್ಚು ಬ್ಲಫ್ ಇರಬೇಕು. ಎರಡು ಆಟೀನ್ ಹಿಡಿದು ಇಲ್ಲಿಯವರೆಗೆ ಬಂದಿರಬಹುದಾದ ಕೈಗಳನ್ನು ಎಣಿಸಿ: ಎಕ್ಕದೊಂದಿಗೆ 8 (ಎಕ್ಕ-ರಾಜ ಇದ್ದವರು ಮೊದಲೇ ಏರಿಸಿರುತ್ತಿದ್ದರು), ರಾಜನೊಂದಿಗೆ 4, ರಾಣಿ-ಗುಲಾಮ, ಹತ್ತು-ಒಂಬತ್ತು, ಏಳು-ಆರು ಮುಂತಾದವು 7. ಒಟ್ಟು 19, ಎಲ್ಲವೂ ಈಗ ಫ್ಲಶ್ (ಒಂದೇ ಜಾತಿಯ ಐದು ಎಲೆ). ಬರಿಗೈಯಲ್ಲಿ ಉಳಿದದ್ದು ಮುಖ್ಯವಾಗಿ ಮಿಕ್ಕ ಏಳು-ಆರು: ಎರಡೂ ಒಂದೇ ಜಾತಿಯವು 3, ಮಿಶ್ರವಾದವು 12. ಮೂರನೆಯ ಆಟೀನ್ ಬಿದ್ದ ಮೇಲೂ ಈ 15ರಲ್ಲಿ 10 ಕೈಗಳನ್ನು ಎದೆಗಾರಿಕೆಯಿಂದ ಕಟ್ಟುವವರು ಸೆಂಟ್ ಮೇಜಿನಲ್ಲಿ ಸಿಗುವುದು ಕಷ್ಟ. ರಾಣಿಯ ಜೋಡಿ ಎಷ್ಟೇ ಚೆಂದ ಕಂಡರೂ ಬಿಡಬೇಕು.

ಅದೇ ಕೈಯಲ್ಲಿ ರಿವರ್‌ಗೆ ಆಟೀನ್ ಎರಡರ ಬದಲು ಕಳಾವರ್ ಎರಡು ಬಿದ್ದಿದ್ದರೆ? ಆ 19ರಲ್ಲಿ ರಾಣಿಯ ಜೋಡಿ ಆದ 4 ಬಿಟ್ಟು 15 ಕೈಗಳು ಬರಿದಾದವು. ಮಿಶ್ರವಾದವನ್ನು ಲೆಕ್ಕಕ್ಕೆ ಹಿಡಿಯದೆ, ಒಂದೇ ಜಾತಿಯ ಏಳು-ಆರು 3 ಸೇರಿ 18. ಎಂಟರ ಅಥವಾ ಐದರ ಜೋಡಿ ಬಚ್ಚಿಟ್ಟುಕೊಂಡು ಬಂದವರು ಮತ್ತಿತರರು ಸೇರಿ ನಮ್ಮನ್ನು ಸೋಲಿಸುವ ಕೈ ಸುಮಾರು 9. ಬರಿಗೈಯಲ್ಲಿ ಮೂರನೆಯ ಒಂದು ಭಾಗ ಕಟ್ಟಿದರೂ 9 ನಿಜಕ್ಕೆ 6 ಬ್ಲಫ್, ಅಂದರೆ ನೂರಕ್ಕೆ 40. ಕಾಲ್ ಮಾಡಿ. ಇನ್ನೊಂದು ಸೂಕ್ಷ್ಮವಿದೆ. ನಮ್ಮ ಎಕ್ಕ ಇಸ್ಪೀಟಿನದಾಗದೆ ಆಟೀನ್‌ದಾಗಿದ್ದರೆ ಎದುರಿನವರಲ್ಲಿ ಅದು ಇರಲಾರದು. ಆಗ ಬರಿದಾದ ಕೈಗಳು 18ರಿಂದ 11ಕ್ಕೆ ಇಳಿಯುತ್ತವೆ, ಕಾಲ್ ಕೈತಪ್ಪುತ್ತದೆ. ಹೊಸಬರು ಫ್ಲಶ್ ಕೂಡದಿದ್ದರೂ ಆಟೀನ್ ಎಕ್ಕ ತಮ್ಮಲ್ಲಿದೆಯೆಂದು ಧೈರ್ಯ ತಂದುಕೊಳ್ಳುತ್ತಾರೆ. ಈ ಜಾಗದಲ್ಲಿ ಅದು ಎಚ್ಚರಿಕೆಯ ಗಂಟೆ.

ಬೆಟ್ ಹಾಕಲು ತೆಗೆದುಕೊಂಡ ಸಮಯವನ್ನು ನೋಡಿ ಮನಸ್ಸು ಓದುವೆನೆನ್ನುವವರಿದ್ದಾರೆ. ನಾನು ಅದಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ. ಎದುರಿನವರು ನಾಲ್ಕು ಮೇಜಿನಲ್ಲಿ ಒಟ್ಟಿಗೆ ಆಡುತ್ತಿರಬಹುದು, ಇಂಟರ್ನೆಟ್ ನಿಧಾನವಿರಬಹುದು. ಇದಕ್ಕಿಂತ ನಂಬಬಹುದಾದದ್ದು ಆಟಗಾರನ ಹಳೆಯ ನಡತೆ. ನೂರು ಕೈಗಳಲ್ಲಿ 45ಕ್ಕೆ ಹಣ ಹಾಕಿ 6ರಲ್ಲಷ್ಟೇ ತಾನಾಗಿ ಏರಿಸುವವನು ಕಾಲ್‌ಪ್ರಿಯ. ಅಂಥವನು ಟರ್ನ್‌ನಲ್ಲಿ ಏರಿಸಿದರೆ ಯೋಚಿಸದೆ ಎಲೆ ಕೆಳಗಿಡಿ. ಎಲೆ ತೆರೆದು ತೋರಿಸಿದ ಪ್ರತಿ ಕೈಯೂ ಪಾಠ: ಸೋತ ಕೈಯನ್ನು ಅವರು ಎಷ್ಟಕ್ಕೆ ಕಟ್ಟಿದ್ದರು, ಗೆದ್ದದ್ದನ್ನು ಎಷ್ಟಕ್ಕೆ ಎಂದು ಬರೆದಿಡಿ. ಕೆಲವರು ಬ್ಲಫ್‌ಗೆ ಅರ್ಧ ಪಾಟ್, ನಿಜಕ್ಕೆ ಪೂರ್ತಿ ಪಾಟ್ ಕಟ್ಟುತ್ತಾರೆ. ಇಂಥವರ ಆಟ ತೆರೆದ ಪುಸ್ತಕ.

ಕಾನೂನಿನ ಮಾತು ಹೇಳದೆ ಈ ಅಧ್ಯಾಯ ಮುಗಿಸಲಾಗದು. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ಕರ್ನಾಟಕ 2021ರಲ್ಲಿ ನಿಷೇಧಿಸಿತ್ತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ಇಂಥ ಆಟಗಳನ್ನು ದೇಶದಾದ್ಯಂತ ನಿಷೇಧಿಸಿದೆ. ಈ ಚಟದಿಂದ ಮನೆ ಕಳೆದುಕೊಂಡವರಿರುವಾಗ ಆ ನಿಷೇಧವನ್ನು ಹಗುರವಾಗಿ ಕಾಣಬೇಡಿ. ಇಲ್ಲಿ ಹೇಳಿದ ಎಣಿಕೆಗೆ ದುಡ್ಡೂ ಬೇಡ, ಆ್ಯಪೂ ಬೇಡ. ಮನೆಯಲ್ಲಿರುವ ಇಸ್ಪೀಟ್ ಕಟ್ಟು ತೆಗೆದು ಐದು ಎಲೆ ಮೇಜಿನ ಮೇಲೆ ಹಾಸಿ, ಎದುರಿನವರ ಕೈಯಲ್ಲಿ ಏನೇನಿರಬಹುದೆಂದು ಒಂದೊಂದಾಗಿ ಬರೆದು ನೋಡಿ.