ಅಜ್ಜ ತೋರಿಸಿದ ಕೆರೆ

ಮಕ್ಕಳೇ, ಮುಗಿಲಿನಿಂದ ನೋಡಿದರೆ ನಿಮ್ಮೂರು ಹೇಗೆ ಕಂಡೀತು ಎಂದು ಯಾವತ್ತಾದರೂ ಯೋಚಿಸಿದ್ದೀರಾ? ಧಾರವಾಡದಲ್ಲಿ ಭೂಗೋಳಶಾಸ್ತ್ರ ಎಂ.ಎ. ಓದುವಾಗ ನನಗೆ ಅದೇ ಒಂದು ಪಾಠವಾಗಿತ್ತು. ಅದರ ಹೆಸರು ದೂರಸಂವೇದಿ. ವಸ್ತುವನ್ನು ಮುಟ್ಟದೆ, ದೂರದಿಂದಲೇ ಅರಿಯುವ ವಿದ್ಯೆ ಅದು.

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಎಲ್ಲಿ ಹೊಲ, ಎಲ್ಲಿ ಕಾಡು, ಎಲ್ಲಿ ನೀರು ಇದೆ ಎಂದು ನಕ್ಷೆ ಮಾಡುವುದು ನನ್ನ ಪಾಲಿಗೆ ಬಂದ ಕೆಲಸ. ಹಾನಗಲ್ಲಿನ ಹತ್ತಿರದ ಒಂದು ಹಳ್ಳಿ ನಮ್ಮೂರು. ಹಾಗಾಗಿ ಸುಲಭ ಅಂದುಕೊಂಡೆ.

ಚಿತ್ರಗಳು ಇಸ್ರೋದ ರಿಸೋರ್ಸ್‌ಸ್ಯಾಟ್-2 ಉಪಗ್ರಹದವು. 2011ರ ಏಪ್ರಿಲ್ 20ರಂದು ಶ್ರೀಹರಿಕೋಟಾದಿಂದ ಹಾರಿದ ಇದು ಸುಮಾರು 817 ಕಿ.ಮೀ. ಎತ್ತರದಲ್ಲಿ ಸುತ್ತುತ್ತದೆ. ಅದರ ಒಂದು ಕ್ಯಾಮೆರಾಕ್ಕೆ 23.5 ಮೀಟರ್ ಉದ್ದ, ಅಷ್ಟೇ ಅಗಲದ ನೆಲ ಒಂದೇ ಒಂದು ಚುಕ್ಕೆ! ಸವಣೂರಿನ ದೊಡ್ಡಹುಣಸೆ ಮರಗಳನ್ನು ತಬ್ಬಲು ಹಲವರು ಕೈ ಕೈ ಹಿಡಿಯಬೇಕು. ಚಿತ್ರದಲ್ಲಿ ಆ ಮರಗಳು ಗುರುತೇ ಸಿಗಲಿಲ್ಲ.

ಇನ್ನೊಂದು ಸೋಜಿಗ ಕೇಳಿ. ಈ ಚಿತ್ರದಲ್ಲಿ ಹಸಿರು ಬೆಳೆ ಕೆಂಪಾಗಿ ಕಾಣುತ್ತದೆ. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಸನಾದ ಎಲೆ ಬಹಳವಾಗಿ ಹಿಂದಕ್ಕೆ ಕಳಿಸುತ್ತದೆ. ಆ ಬೆಳಕಿಗೆ ಕಂಪ್ಯೂಟರಿನಲ್ಲಿ ಕೆಂಪು ಬಣ್ಣ ಕೊಡುತ್ತಾರೆ. ನೀರು ಅದನ್ನು ಹೀರಿಕೊಳ್ಳುವುದರಿಂದ ಕಪ್ಪಾಗಿ ಕಾಣುತ್ತದೆ. 1970ರ ಹೊತ್ತಿಗೆ ವಿಜ್ಞಾನಿ ಪಿ. ಆರ್. ಪಿಷಾರೋಟಿ ಅವರ ತಂಡ ಹೆಲಿಕಾಪ್ಟರಿನಿಂದ ಇದೇ ಅವಕೆಂಪು ಬೆಳಕಿನ ಫೋಟೋ ತೆಗೆದು, ಕೇರಳದ ತೆಂಗಿನ ರೋಗವನ್ನು ಪರೀಕ್ಷಿಸಿತ್ತು.

ಕೆಂಪಾದದ್ದಕ್ಕೆ ಹೊಲ, ಕಪ್ಪಾದದ್ದಕ್ಕೆ ನೀರು ಎಂದು ಬರೆಯುತ್ತ ಹೋದೆ. ಹಿರೇಕೆರೂರಿನ ದುರ್ಗಾದೇವಿ ಕೆರೆ ಸರಿಯಾಗಿ ಬಂತು. ರಜೆಗೆ ಊರಿಗೆ ಹೋದಾಗ ನಕ್ಷೆಯನ್ನು ಅಜ್ಜನ ಮುಂದೆ ಹಾಸಿದೆ. ಅಜ್ಜ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

“ಯವ್ವಾ, ನಮ್ಮ ಕೆರಿ ಎಲ್ಲೈತಿ?”

ಹುಡುಕಿದೆ. ಕೆರೆ ಇರಬೇಕಾದ ಜಾಗದಲ್ಲಿ ‘ಭತ್ತದ ಗದ್ದೆ’ ಎಂದು ನಾನೇ ಬರೆದಿದ್ದೆ!

“ನಾ ಈಸು ಕಲ್ತದ್ದು ಅದೇ ಕೆರ್ಯಾಗ. ಈಗ ಅಂತರಗಂಗಿ ತುಂಬೈತಿ, ಖರೆ. ಅಂದ್ರ ಅದು ಹೊಲ ಆತೇನು? ಕಾಗದದಾಗ ಕೆರಿ ಇಲ್ಲಂದ್ರ, ನಾಳೆ ಊರಾಗೂ ಇರೂದಿಲ್ಲವಾ” ಎಂದರು ಅಜ್ಜ.

ನನಗೆ ನಾಚಿಕೆಯಾಯಿತು. ಮರುದಿನ ಬೆಳಿಗ್ಗೆ ಅಜ್ಜನ ಜೊತೆ ಕೆರೆ ಏರಿಯ ಮೇಲೆ ನಡೆದು, ಮೊಬೈಲಿನಲ್ಲಿ ಜಾಗದ ಗುರುತು ಹಾಕಿಕೊಂಡೆ. ಧಾರವಾಡಕ್ಕೆ ಮರಳಿ ಬೇರೆ ಬೇರೆ ತಿಂಗಳ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಸುಗ್ಗಿ ಮುಗಿದ ಮೇಲೆ ಸುತ್ತಲಿನ ಗದ್ದೆಗಳ ಕೆಂಪು ಅಳಿಸಿಹೋಗಿತ್ತು. ಈ ಒಂದು ಜಾಗ ಮಾತ್ರ ಬೇಸಿಗೆಯಲ್ಲೂ ಕೆಂಪಾಗೇ ಇತ್ತು. ಅದು ಬೆಳೆಯಲ್ಲ, ನೀರಿನ ಮೇಲಿನ ಕಳೆ ಎಂಬುದಕ್ಕೆ ಅದೇ ಸಾಕ್ಷಿ. ಅದೇ ಅನುಮಾನದಿಂದ ಉಳಿದ ತಾಲ್ಲೂಕುಗಳಿಗೂ ಬಸ್ಸು ಹತ್ತಿ, ಹೊಲದಲ್ಲಿದ್ದವರನ್ನು ಕೇಳಿ ನಕ್ಷೆ ತಿದ್ದಿದೆ. ನೆಲಕ್ಕೆ ಹೋಗಿ ಹೀಗೆ ತಾಳೆ ನೋಡದಿದ್ದರೆ ಈ ವಿದ್ಯೆ ಪೂರ್ತಿಯಾಗುವುದಿಲ್ಲ.

ಹೊಸ ನಕ್ಷೆಯಲ್ಲಿ ನಮ್ಮ ಕೆರೆಗೆ ನೀಲಿ ಬಣ್ಣ ಹಚ್ಚಿದೆ. ಅಜ್ಜ ಅದರ ಮೇಲೆ ಬೆರಳಾಡಿಸಿ, “ಹಾಂ, ಈಗ ನಮ್ಮೂರು ಆತು ನೋಡು” ಎಂದು ನಕ್ಕರು.

ಇಸ್ರೋದ ‘ಭುವನ್’ ಜಾಲತಾಣದಲ್ಲಿ ಉಪಗ್ರಹದ ಚಿತ್ರಗಳನ್ನು ನೀವೂ ನೋಡಬಹುದು. ನೋಡುವಾಗ ಅಜ್ಜ-ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಚಿತ್ರದಲ್ಲಿ ಕಾಣದ್ದು ಅವರಿಗೆ ಗೊತ್ತಿರುತ್ತದೆ.