ಎಂಜಿನ್ನಿನ ನೀರುಗಂಟಿ

ಕಳೆದ ಪುಷ್ಯ ಮಾಸದ ಒಂದು ಬೆಳಗಿನ ಜಾವ. ಕೊತ್ತಗೆರೆಯಲ್ಲಿ ಸುರಿದ ಇಬ್ಬನಿಗೆ ಅಂಗಳದಲ್ಲಿ ನಿಂತಿದ್ದ ಕಾರಿನ ಮುಂದಿನ ಗಾಜು ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. ಅಮ್ಮನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಕಾರು ಸ್ಟಾರ್ಟ್ ಮಾಡಿ, ಬಿಸಿಯಾಗಲೆಂದು ಕಾಲು ಗಂಟೆ ಹಾಗೇ ಬಿಟ್ಟು, ಆಮೇಲೆ ಹೀಟರ್ ತಿರುಗಿಸಿದೆ. ಬಂದದ್ದು ಕೊರೆಯುವ ಗಾಳಿ. ಅಮ್ಮ ಶಾಲನ್ನು ಇನ್ನೊಂದು ಸುತ್ತು ಸುತ್ತಿಕೊಂಡು, "ಆರಿಸಪ್ಪ ಅದನ್ನ, ಸುಮ್ನಿದ್ರೇ ಬೆಚ್ಚಗಿರುತ್ತೆ" ಅಂದರು. ಕುಣಿಗಲ್ ದಾಟಿ ಹೆದ್ದಾರಿಯಲ್ಲಿ ಓಡತೊಡಗಿದ ಮೇಲೆ ಅದೇ ಹೀಟರ್ ಹದವಾಗಿ ಬೆಚ್ಚಗಾಯಿತು. ನೆಲಮಂಗಲದ ವಾಹನಗಳ ಸಾಲಿನಲ್ಲಿ ನಿಂತದ್ದೇ ತಡ, ಮತ್ತೆ ತಣ್ಣಗೆ. ಓಡಿದರೆ ಬಿಸಿ, ನಿಂತರೆ ತಂಪು.

ಕುಣಿಗಲ್ಲಿನಲ್ಲಿ ನನಗೆ ಪರಿಚಯವಿರುವ ಹಿರಿಯ ಮೇಸ್ತ್ರಿಯೊಬ್ಬರಿದ್ದಾರೆ. ಅಂಬಾಸಿಡರ್ ಕಾಲದಿಂದ ಎಂಜಿನ್ ಬಿಚ್ಚಿ ಜೋಡಿಸಿದ ಕೈ. ಮರುದಿನ ಅವರ ಮುಂದೆ ಕಾರು ನಿಲ್ಲಿಸಿದೆ. ಹೀಟರಿನ ಹತ್ತಿರಕ್ಕೂ ಅವರು ಹೋಗಲಿಲ್ಲ. ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಕಾದು, ರೇಡಿಯೇಟರ್ ಮುಚ್ಚಳ ತೆಗೆದು ಒಳಗೆ ಬೆರಳಿಟ್ಟು ನೋಡಿ, "ಹೀಟರ್ ಕೆಟ್ಟಿಲ್ಲ ಸಾರ್, ನಿಮ್ಮ ಕೆರೆ ಇಳಿದೈತೆ" ಅಂದರು. ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ಗೆರೆಯವರೆಗೂ ಇದೆಯಲ್ಲ ಎಂದೆ. "ಡಬ್ಬಿ ತುಂಬಿದ್ರೆ ರೇಡಿಯೇಟರ್ ತುಂಬೈತೆ ಅಂತಲ್ಲ. ಮುಚ್ಚಳದ ವಾಷರ್ ಸತ್ರೆ ಡಬ್ಬಿ ನೀರು ಒಳಕ್ಕೆ ಎಳ್ಕೊಳ್ಳೋದೇ ಇಲ್ಲ."

ಹೆಸರಿನಲ್ಲೇ ಕೆರೆಯನ್ನು ಇಟ್ಟುಕೊಂಡಿರುವ ಊರಿನವನಿಗೆ ಈ ಮಾತು ತಟ್ಟನೆ ಅರ್ಥವಾಯಿತು. ಕಾರಿನ ಹೀಟರ್ ಒಲೆಯಲ್ಲ. ಅದರೊಳಗೆ ಬೆಂಕಿಯೂ ಇಲ್ಲ, ಕರೆಂಟಿನ ಸುರುಳಿಯೂ ಇಲ್ಲ. ಎಂಜಿನ್ನನ್ನು ತಣಿಸಿ ಕಾದ ನೀರಿನಲ್ಲಿ ಒಂದು ಪಾಲನ್ನು ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿಗೆ ಹರಿಸುತ್ತಾರೆ. ಫ್ಯಾನು ಅದರ ಮೇಲೆ ಗಾಳಿ ಊದುತ್ತದೆ, ಅಷ್ಟೇ. ಆ ಪುಟ್ಟ ರೇಡಿಯೇಟರ್ ಸಾಮಾನ್ಯವಾಗಿ ಎತ್ತರದಲ್ಲಿರುತ್ತದೆ. ಕೆರೆಯ ನೀರು ಇಳಿದಾಗ ತೂಬಿನ ನೀರು ಮೊದಲು ತಪ್ಪುವುದು ದಿಬ್ಬದ ಗದ್ದೆಗೆ ತಾನೆ? ಇಲ್ಲೂ ಹಾಗೆಯೇ. ನೀರು ಕಡಿಮೆಯಾದರೆ ಹೀಟರಿನೊಳಗೆ ಏರ್ ಹಿಡಿಯುತ್ತದೆ. ಗಾಡಿ ಓಡುವಾಗ ವಾಟರ್ ಪಂಪು ಜೋರಾಗಿ ತಿರುಗಿ ಹೇಗೋ ನೀರನ್ನು ದಬ್ಬುತ್ತದೆ. ನಿಂತಾಗ ಪಂಪಿನ ವೇಗ ಇಳಿದು ನೀರು ದಿಬ್ಬ ಹತ್ತುವುದಿಲ್ಲ.

ಇದನ್ನು ತಿಳಿದ ಮೇಲೆ ಕಾರಿಗೆ ಹೀಟರ್ ಬಂದದ್ದು ಹೇಗೆಂದು ಹುಡುಕಿಕೊಂಡು ಹೋದೆ. ಎಲ್ಲರೂ ಮೊದಲು ಹೇಳುವ ಹೆಸರು ಷಿಕಾಗೊದ ಮಾರ್ಗರೆಟ್ ವಿಲ್‌ಕಾಕ್ಸ್. 1893ರ ನವೆಂಬರ್ 28ರಂದು 'ಕಾರ್ ಹೀಟರ್'ಗೆ ಪೇಟೆಂಟ್ ಪಡೆದ ಮಹಿಳೆ. ಆದರೆ ಅಮೆರಿಕದಲ್ಲಿ ಡ್ಯೂರಿಯಾ ಸಹೋದರರ ಮೋಟಾರು ಗಾಡಿ ಮೊದಲು ರಸ್ತೆಗಿಳಿದದ್ದೇ ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಅಲ್ಲಿನ ಜನರ ಬಾಯಲ್ಲಿ ಆಗ ಕಾರು ಎಂದರೆ ರೈಲಿನ ಬೋಗಿ. ಮೋಟಾರಿನವರು ಬಹುಕಾಲ ಕಂಬಳಿ ಹೊದ್ದು, ಕಾಲ ಬಳಿ ಕಾಯಿಸಿದ ಕಲ್ಲು, ಇಟ್ಟಿಗೆ ಇಟ್ಟುಕೊಂಡೇ ಓಡಾಡಿದರು. 1929ರ ಸುಮಾರಿಗೆ ಫೋರ್ಡಿನ ಮಾಡೆಲ್ ಎ ಕಾರಿಗೆ ಹೊಗೆಕೊಳವೆಯ ಸುತ್ತ ಕಾದ ಗಾಳಿಯನ್ನು ಒಳಬಿಡುವ ಹೀಟರ್ ಬಂತು. ಕೊಳವೆ ಬಿರುಕು ಬಿಟ್ಟರೆ ವಿಷದ ಹೊಗೆಯೂ ಒಳಗೇ. 1930ರ ಹೊತ್ತಿಗೆ ಬಿಸಿನೀರಿನ ಹೀಟರ್ ಬಂತು. 1938ರಲ್ಲಿ ನ್ಯಾಶ್ ಕಂಪನಿ ಹೊರಗಿನ ಗಾಳಿಯನ್ನೇ ಬಿಸಿನೀರಿನ ಜಾಲರಿಯ ಮೇಲೆ ಹಾಯಿಸಿ ಒಳಗೆ ತಂದಿತು. ಇಂದು ನಮ್ಮ ಕಾರುಗಳಲ್ಲಿರುವುದು ಹೆಚ್ಚುಕಡಿಮೆ ಅದೇ.

ನನ್ನ ಮನಸ್ಸು ನಿಂತದ್ದು ಇವರಾರ ಬಳಿಯೂ ಅಲ್ಲ, ವೆಸ್ಟನ್ ಫುಲ್ಟನ್ ಎಂಬ ಹವಾಮಾನ ಇಲಾಖೆಯ ನೌಕರನ ಬಳಿ. ಟೆನೆಸ್ಸಿ ರಾಜ್ಯದ ನಾಕ್ಸ್‌ವಿಲ್ ಊರಿನಲ್ಲಿ ಆತನಿಗೆ ನದಿಯ ನೀರಿನ ಮಟ್ಟ ಅಳೆಯುವ ಕೆಲಸವೂ ಇತ್ತು. ಮತ್ತೆ ಮತ್ತೆ ನದಿಯ ದಡಕ್ಕೆ ಇಳಿಯುವುದನ್ನು ತಪ್ಪಿಸಲು, ಮಟ್ಟವನ್ನು ತಾನಾಗಿ ಗುರುತಿಸುವ ಯಂತ್ರ ಮಾಡಿದ. ಆಮೇಲೆ ಅದೇ ಜಾಣ್ಮೆಯ ಕೈಯಿಂದ ಹುಟ್ಟಿದ್ದು ಸಿಲ್ಫನ್: ಬೆಸುಗೆಯ ಗೆರೆಯೇ ಇಲ್ಲದ, ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ಲೋಹದ ಬುರುಡೆ. ಒಳಗಿನ ದ್ರವ ಬಿಸಿಯಾದರೆ ಅದು ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. 1904ರಲ್ಲಿ ಅದನ್ನು ತಯಾರಿಸಲು ಆತ ಕಂಪನಿಯನ್ನೇ ಕಟ್ಟಿದ. ಆ ಬುರುಡೆ ಮುಂದೆ ಕಾರಿನ ಥರ್ಮೋಸ್ಟಾಟ್ ಆಯಿತು. 1930ರ ದಶಕದಲ್ಲಿ ಸರ್ಜಿಯಸ್ ವೆರ್ನೆ ಎಂಬಾತ ಕರಗಿದಾಗ ಹಿಗ್ಗುವ ಮೇಣದ ಗುಂಡನ್ನು ರೂಪಿಸಿದ. ಇವತ್ತಿನ ಥರ್ಮೋಸ್ಟಾಟ್ ವಾಲ್ವ್‌ಗಳ ಒಳಗಿರುವುದು ಆ ಮೇಣವೇ.

ಥರ್ಮೋಸ್ಟಾಟ್ ಮಾಡುವ ಕೆಲಸ ನಮ್ಮ ಸೀಮೆಯ ನೀರುಗಂಟಿಯದು. ತೂಬು ಎಷ್ಟು ಎತ್ತಬೇಕು, ಯಾವಾಗ ಮುಚ್ಚಬೇಕು ಎಂಬುದು ನೀರುಗಂಟಿಗೆ ಗೊತ್ತಿತ್ತು. ಊರಿನ ಆಯಗಾರರಲ್ಲಿ ಅವನೂ ಒಬ್ಬ; ಕಣದಲ್ಲಿ ಅವನ ಪಾಲಿನ ರಾಗಿ, ಭತ್ತ ಅಳೆದ ಮೇಲೆ ಉಳಿದದ್ದು ಮನೆಗೆ. ಎಂಜಿನ್ ತಣ್ಣಗಿರುವಾಗ ಥರ್ಮೋಸ್ಟಾಟ್ ರೇಡಿಯೇಟರಿನ ದಾರಿ ಮುಚ್ಚಿರುತ್ತದೆ, ನೀರು ಎಂಜಿನ್ನಿನಲ್ಲೂ ಹೀಟರಿನಲ್ಲೂ ಮಾತ್ರ ಸುತ್ತಿ ಬೇಗ ಕಾಯುತ್ತದೆ. ಸುಮಾರು 82 ಡಿಗ್ರಿ ಮುಟ್ಟಿದಾಗ ತೂಬು ತೆರೆಯತೊಡಗುತ್ತದೆ.

ನಮ್ಮಲ್ಲಿ ಈ ನೀರುಗಂಟಿಯನ್ನೇ ಕಿತ್ತು ಎಸೆದರು. 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಬಿಸಿಲಿನಲ್ಲಿ ಘಾಟಿ ಹತ್ತುವಾಗ ಕುದಿಯುತ್ತಿದ್ದುದು ನಿಜ. ಬಾನೆಟ್ ಎತ್ತಿ, ಒದ್ದೆ ಬಟ್ಟೆ ಹಿಡಿದು ನಿಂತ ಡ್ರೈವರ್, ಪಕ್ಕದಲ್ಲಿ ನೀರಿನ ಡಬ್ಬ: ಶಿರಾಡಿಯಲ್ಲೂ ಚಾರ್ಮಾಡಿಯಲ್ಲೂ ಈ ಚಿತ್ರ ಕಾಣದವರು ಯಾರು? "ನಮ್ಮ ದೇಶಕ್ಕೆ ವಾಲ್ವ್ ಬೇಡ" ಎಂಬುದು ಗ್ಯಾರೇಜುಗಳ ಶಾಸ್ತ್ರವಾಯಿತು. ಕುದಿಯುವುದಕ್ಕೆ ಕಾರಣ ಬೇರೆಯೇ ಇರುತ್ತಿತ್ತು. ಸವುಳು ನೀರಿನಿಂದ ಕಟ್ಟಿಕೊಂಡ ರೇಡಿಯೇಟರ್, ಸಡಿಲ ಬೆಲ್ಟು, ಸವೆದ ಪಂಪು. ಅವನ್ನು ಸರಿಮಾಡುವ ಬದಲು ವಾಲ್ವ್ ಕಿತ್ತರು. ಎಂಜಿನ್ ಹದಕ್ಕೆ ಬಾರದೆ ಪೆಟ್ರೋಲ್ ಹೆಚ್ಚು ಕುಡಿಯಿತು, ಆಯಿಲ್ ಬೇಗ ಕೆಟ್ಟಿತು. ಆಗಿನ ಹೆಚ್ಚಿನ ಕಾರುಗಳಲ್ಲಿ ಹೀಟರೇ ಇಲ್ಲದ್ದರಿಂದ ಆ ನಷ್ಟ ಯಾರಿಗೂ ಕಾಣಲಿಲ್ಲ. ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುವ ವಿಷಯ ಇದು.

ನನ್ನದು ಕೊಂಡುಕೊಂಡ ಹಳೆಯ ಕಾರು. ಪಂಪಿನ ಸೀಲಿನಿಂದ ಹನಿ ಹನಿ ಸೋರುತ್ತಿದ್ದುದನ್ನು ಮೇಸ್ತ್ರಿ ತೋರಿಸಿದರು. ಬೆಂಗಳೂರಿನ ಒಂದು ವರ್ಕ್‌ಶಾಪಿನವರು ಸೋರಿಕೆ ಹುಡುಕದೆ ಬೋರ್‌ವೆಲ್ ನೀರು ತುಂಬಿ ಕಳಿಸಿದ್ದರು. ಪಂಪು ಬದಲಿಸುವಾಗ ಥರ್ಮೋಸ್ಟಾಟ್ ಇರುವ ಗೂಡನ್ನೂ ಬಿಚ್ಚಿದರೆ, ಒಳಗೆ ವಾಲ್ವ್ ಇಲ್ಲ. ಖಾಲಿ ಗೂಡು. ಮೇಸ್ತ್ರಿ ಬಹಳ ಹೊತ್ತು ಅದನ್ನೇ ನೋಡುತ್ತಾ ನಿಂತಿದ್ದು, "ಇದನ್ನ ನಾನೂ ಮಾಡಿದ್ದೀನಿ ಸಾರ್, ಆಗ. ಮಾಡಬಾರದಿತ್ತು" ಎಂದರು.

ಅವತ್ತು ಅವರು ಕಲಿಸಿದ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಬಿಸಿಯಾದ ಎಂಜಿನ್ನಿಗೆ ನಿಂತಲ್ಲೇ ರೇಸ್ ಕೊಟ್ಟು ಹಿಡಿದಾಗ ಹೀಟರ್ ಬೆಚ್ಚಗಾಗಿ, ಬಿಟ್ಟಾಗ ತಣ್ಣಗಾದರೆ ದೋಷ ನೀರಿನ ಹರಿವಿನಲ್ಲಿದೆ. ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದಿದ್ದರೆ ಏರ್ ಹಿಡಿದಿದೆ. ಆಮೇಲೆ ಎಂಜಿನ್ ಆರಿಸಿ, ಹೀಟರಿಗೆ ಹೋಗುವ ಎರಡು ಹೋಸ್ ಪೈಪುಗಳನ್ನು ಬೆಲ್ಟು, ಫ್ಯಾನಿನಿಂದ ಕೈ ದೂರವಿಟ್ಟು ಮೆಲ್ಲಗೆ ಮುಟ್ಟಿ ನೋಡಬೇಕು. ಒಂದು ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ ಒಳಗೆ ಸವುಳು ಕಟ್ಟಿದೆ ಅಥವಾ ನೀರು ಹಾಯುತ್ತಿಲ್ಲ. ಎರಡೂ ಬಿಸಿಯಿದ್ದರೆ ನೀರಿನದು ತಪ್ಪಲ್ಲ, ಗಾಳಿಯ ದಾರಿ ಬದಲಿಸುವ ಬಾಗಿಲು ಸಿಕ್ಕಿಕೊಂಡಿದೆ. ಎರಡೂ ತಣ್ಣಗಿದ್ದು ಬಿಸಿಯ ಮುಳ್ಳೂ ಮೇಲೇಳದಿದ್ದರೆ ವಾಲ್ವ್ ತೆರೆದೇ ನಿಂತಿದೆ, ಇಲ್ಲವೇ ನನ್ನ ಕಾರಿನಂತೆ ಅದು ಇಲ್ಲವೇ ಇಲ್ಲ. ನೀರು ಮತ್ತೆ ಮತ್ತೆ ಕಡಿಮೆಯಾಗುತ್ತಿದ್ದು, ಸೋರಿಕೆ ಕಾಣದೆ, ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆಗ ಗಾಡಿ ಓಡಿಸಲೇಬಾರದು. ಹೊಸ ಡೀಸೆಲ್ ಕಾರುಗಳಲ್ಲಿ ನಿಂತ ಎಂಜಿನ್ನಿನಿಂದ ಹುಟ್ಟುವ ಬಿಸಿಯೇ ಕಡಿಮೆ, ಚಳಿಯಲ್ಲಿ ಸ್ವಲ್ಪ ದೂರ ಓಡಿಸಿಯೇ ಕಾಯಿಸಿಕೊಳ್ಳಬೇಕು.

ಈ ಎಲ್ಲದರ ನಡುವೆ ನನಗೆ ನೆನಪಾದದ್ದು ಹಳೆಯ ಸರ್ಕಾರಿ ಬಸ್ಸು. ಡ್ರೈವರ್ ಪಕ್ಕದಲ್ಲಿ ಉಬ್ಬಿಕೊಂಡಿರುತ್ತಿದ್ದ ಬಾನೆಟ್, ಅದರ ಮೇಲೆ ಹಾಸಿದ ದಪ್ಪ ಗವಸು. ಚಳಿಗಾಲದ ಮೊದಲ ಬಸ್ಸಿಗೆ ಹತ್ತುವ ಮಕ್ಕಳಿಗೆ ಅಲ್ಲೇ ಜಾಗ ಬೇಕು. ಕೆಳಗೆ ಎಂಜಿನ್ ಗುಡುಗುತ್ತಿದ್ದರೆ ಮೇಲೆ ಮೈ ಬೆಚ್ಚಗಾಗುತ್ತಿತ್ತು, ಕುಣಿಗಲ್ ದೊಡ್ಡಕೆರೆಯ ಮೇಲಿನ ಮಂಜು ಕಿಟಕಿಯಲ್ಲಿ ಹಿಂದೆ ಸರಿಯುತ್ತಿತ್ತು. ಹೊರಡುವ ಮುಂಚೆ ಡ್ರೈವರ್ ಮುಚ್ಚಳ ತೆಗೆದು ನೀರು ನೋಡದೆ ಗಾಡಿ ತೆಗೆಯುತ್ತಿರಲಿಲ್ಲ. ಆ ಅಭ್ಯಾಸ ಕಾರು ಇಟ್ಟುಕೊಂಡ ನಮ್ಮ ಪೀಳಿಗೆಯಲ್ಲಿ ಪೂರ್ತಿ ಅಳಿದಿದೆ.

ಹೊಸ ಪಂಪು, ಹೊಸ ವಾಲ್ವ್, ಹೊಸ ಮುಚ್ಚಳ ಹಾಕಿ, ಕೂಲೆಂಟನ್ನು ಶುದ್ಧ ನೀರಿನಲ್ಲಿ ಬೆರೆಸಿ ತುಂಬಿ, ಮೂತಿಯನ್ನು ಏರಿನ ಕಡೆಗೆ ಎತ್ತರಿಸಿ ನಿಲ್ಲಿಸಿ ಏರ್ ತೆಗೆದ ಮೇಲೆ ಹೀಟರ್ ನಿಂತಲ್ಲೇ ಬೆಚ್ಚಗೆ ಊದಿತು. ಕೂಲೆಂಟ್ ಮಂಜುಗಟ್ಟುವ ದೇಶಕ್ಕೆ ಮಾತ್ರ ಎಂದುಕೊಳ್ಳಬೇಡಿ. ತುಕ್ಕು ತಡೆಯಲು, ಕುದಿಯುವ ಮಟ್ಟ ಏರಿಸಲು ನಮಗೂ ಅದು ಬೇಕು.

ಕಾರಿರುವವರಲ್ಲಿ ನನ್ನದೊಂದು ಕೋರಿಕೆ. ನಾಳೆ ಬೆಳಿಗ್ಗೆ, ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆ, ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ಒಳಗೆ ನೋಡಿ. ಬಿಸಿಯಿದ್ದಾಗ ಮುಟ್ಟಬೇಡಿ, ಒತ್ತಡದಲ್ಲಿರುವ ನೀರು ಮುಖಕ್ಕೇ ಚಿಮ್ಮುತ್ತದೆ. ಮುಂದಿನ ಸರ್ವಿಸ್‌ಗೆ ಹೋದಾಗ ವಾಲ್ವ್ ಗೂಡಿನಲ್ಲಿದೆಯೇ ಎಂದು ಕೇಳಿ, ಬಿಚ್ಚಿದ್ದರೆ ಎದುರು ನಿಂತು ಹಾಕಿಸಿಕೊಳ್ಳಿ.