ಬಿಸಿಲು ಹಗೆಯಾದ ಮಕ್ಕಳು

ಸೂರ್ಯನನ್ನು ಆರೋಗ್ಯದಾಯಕನೆಂದು ವಂದಿಸುವವರು ನಾವು. ಆದರೆ ಹುಟ್ಟಿನಿಂದಲೇ ಬಿಸಿಲನ್ನು ತಾಳಲಾರದ ಮಕ್ಕಳೂ ಇದ್ದಾರೆ. ಅವರ ರೋಗಕ್ಕೆ ವಿಯೆನ್ನಾದ ವೈದ್ಯ ಕಾಪೋಸಿ 1882ರಲ್ಲಿ ಕೊಟ್ಟ ಹೆಸರು ಜೀರೋಡರ್ಮಾ ಪಿಗ್ಮೆಂಟೋಸಮ್. ಎಂದರೆ ಒಣಗಿ ಕಲೆಗಟ್ಟಿದ ಚರ್ಮ.

ಅತಿನೇರಳೆ ಕಿರಣಗಳು ಎಲ್ಲರ ಚರ್ಮದಲ್ಲೂ ಡಿ.ಎನ್.ಎ. ಎಳೆಯನ್ನು ಕೆಡಿಸುತ್ತವೆ. ಕೆಟ್ಟ ತುಣುಕನ್ನು ಕತ್ತರಿಸಿ ಹೊಸದನ್ನು ಹೆಣೆಯುವ ಕಿಣ್ವಗಳು ನಮ್ಮನ್ನು ಕಾಯುತ್ತವೆ. ಈ ರೋಗಿಗಳ ಜೀವಕೋಶಗಳಲ್ಲಿ ಆ ದುರಸ್ತಿ ಕುಂಠಿತವಾಗಿರುವುದನ್ನು 1968ರಲ್ಲಿ ಜೇಮ್ಸ್ ಕ್ಲೀವರ್ ತೋರಿಸಿದರು. ಗಾಯ ಎಲ್ಲರಿಗೂ ಒಂದೇ. ಮಾಯುವ ಭಾಗ್ಯ ಮಾತ್ರ ಇವರಿಗಿಲ್ಲ.

ಎರಡು ವರ್ಷ ತುಂಬುವ ಮೊದಲೇ ಮುಖದ ಮೇಲೆ ಕಂದು ಚುಕ್ಕೆಗಳು ಮೂಡುತ್ತವೆ. ಕಣ್ಣು ಬೆಳಕಿಗೆ ನೋಯುತ್ತದೆ. ಕೆಲವರಿಗೆ ಎಳೆಬಿಸಿಲೂ ಬೊಬ್ಬೆ ಎಬ್ಬಿಸುತ್ತದೆ. ರಕ್ಷಣೆಯಿಲ್ಲದಿದ್ದರೆ ಬಾಲ್ಯದಲ್ಲೇ ಚರ್ಮದ ಕ್ಯಾನ್ಸರ್ ತಲೆದೋರಬಹುದು. ಸುಮಾರು ನಾಲ್ವರಲ್ಲಿ ಒಬ್ಬರ ನರಮಂಡಲವೂ ಕ್ಷೀಣಿಸುತ್ತದೆ.

ಇಂಥ ಮಗುವಿನ ತಾಯಿಯನ್ನು ದೂರುವುದು ಅನ್ಯಾಯ. ತಾಯಿತಂದೆಯರಿಬ್ಬರೂ ಆರೋಗ್ಯವಂತರಾಗಿದ್ದು, ಒಂದೇ ಜೀನಿನ ದೋಷಯುಕ್ತ ಪ್ರತಿಯನ್ನು ಅರಿಯದೆ ಹೊತ್ತಿರುತ್ತಾರೆ. ಎರಡೂ ಕೂಡಿದಾಗಲಷ್ಟೇ ರೋಗ. ಪ್ರತಿ ಬಸುರಿನಲ್ಲೂ ಆ ಸಂಭವ ನಾಲ್ಕರಲ್ಲಿ ಒಂದು. ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ವಾಡಿಕೆಯಂಥ ರಕ್ತಸಂಬಂಧದ ಮದುವೆಗಳಲ್ಲಿ ಈ ಕೂಡಿಕೆ ಸುಲಭ.

ಬೇರಿನಿಂದ ಕೀಳುವ ಮದ್ದು ಇದಕ್ಕಿಲ್ಲ. ಮೈತುಂಬ ಬಟ್ಟೆ, ಕಪ್ಪು ಕನ್ನಡಕ, ಕಿಟಕಿಗೆ ತಡೆ, ಮೇಲಿಂದ ಮೇಲೆ ವೈದ್ಯರ ತಪಾಸಣೆ: ಇವೇ ಆ ಮಗುವಿನ ಆಯುಸ್ಸು. ಮೊದಲ ಚುಕ್ಕೆಗಳನ್ನೇ ಗುರುತಿಸಿ ನೆರಳು ಒದಗಿಸಿದರೆ, ಆ ಆಯುಸ್ಸು ಬೆಳೆಯುತ್ತದೆ.